ಫೈಲು ಹಿಡಿಯದೆ ವಿಧಾನಸೌಧಕ್ಕೆ: ತುಮಕೂರಿನಿಂದ ಒಂದು ದಿನದ ಸುತ್ತಾಟ

ವಿಧಾನಸೌಧಕ್ಕೆ ಹೋಗಿ ಬಂದ ತುಮಕೂರಿನವರು ಬೇಕಾದಷ್ಟು ಮಂದಿ ಸಿಗುತ್ತಾರೆ, ನೋಡಿ ಬಂದವರು ಕಡಿಮೆ. ವರ್ಗಾವಣೆ, ಮಂಜೂರಾತಿ, ಪಿಂಚಣಿ ಅಂತ ಕಂಕುಳಲ್ಲಿ ಫೈಲು ಇರುವಾಗ ತಲೆಯೆತ್ತಿ ಗುಮ್ಮಟ ನೋಡುವವರು ಯಾರು? ಕಟ್ಟಡ ನೋಡುವುದೇ ಕೆಲಸ ಅಂತ ಹೊರಡುವವರು ಮೊದಲು ದಿನ ಸರಿಯಾಗಿ ಆರಿಸಿಕೊಳ್ಳಬೇಕು.

ಭಾನುವಾರ, ಇಲ್ಲವೇ ತಿಂಗಳ ಎರಡನೇ ಅಥವಾ ನಾಲ್ಕನೇ ಶನಿವಾರ ಹೋಗಿ. ಕಚೇರಿಗಳಿಗೆ ರಜೆ ಇರುವ ಈ ದಿನಗಳಲ್ಲೇ ಸಾರ್ವಜನಿಕರನ್ನು ಗೈಡ್ ಜೊತೆ ಒಳಗೆ ಬಿಡುವ ವ್ಯವಸ್ಥೆ 2025ರ ಜೂನ್‌ನಲ್ಲಿ ಶುರುವಾಯಿತು. ದೊಡ್ಡವರಿಗೆ ಟಿಕೆಟ್ 50 ರೂಪಾಯಿ, ಒಂದು ತಂಡಕ್ಕೆ 30 ಜನ, ಸುತ್ತಾಟ ಸುಮಾರು ಒಂದೂವರೆ ಗಂಟೆ. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ವೆಬ್‌ಸೈಟ್‌ನಲ್ಲಿ ಮೊದಲೇ ಬುಕ್ ಮಾಡಿ. ದರ, ಸಮಯ ಬದಲಾಗಿದೆಯೇ ಅಂತ ಅಲ್ಲೇ ನೋಡಿಕೊಳ್ಳಿ. ಗುರುತಿನ ಚೀಟಿಯ ಅಸಲು ಪ್ರತಿ ಜೇಬಿನಲ್ಲಿರಲಿ. ಶಕ್ತಿ ಯೋಜನೆಯಲ್ಲಿ ಬರುವ ಹೆಂಗಸರ ಬಳಿ ಹೇಗೂ ಆಧಾರ್ ಇರುತ್ತದೆ, ಮನೆಯಲ್ಲಿ ಬಿಟ್ಟು ಬರುವವರು ಗಂಡಸರೇ. ಇಪ್ಪತ್ತು ನಿಮಿಷ ಮುಂಚೆ ಗೇಟಿನಲ್ಲಿರಬೇಕು. ಕಾಂಪೌಂಡು ಉದ್ದ, ತಪ್ಪು ಗೇಟಿಗೆ ಹೋದರೆ ಸುತ್ತಿಕೊಂಡು ಬರುವಷ್ಟರಲ್ಲಿ ತಂಡ ಒಳಗೆ ಹೋಗಿರುತ್ತದೆ.

ಹೋಗುವ ದಾರಿ ಸುಮಾರು 70 ಕಿಲೋಮೀಟರ್. ಬಸ್ಸಿನಲ್ಲೇ ಮೆಜೆಸ್ಟಿಕ್‌ವರೆಗೆ ಕೂರಬೇಡಿ, ಯಶವಂತಪುರದ ಆಚೆಗಿನ ಸಿಗ್ನಲ್‌ಗಳು ಅರ್ಧ ಬೆಳಗನ್ನೇ ತಿನ್ನುತ್ತವೆ. ಗೊರಗುಂಟೆಪಾಳ್ಯದಲ್ಲಿ ಇಳಿದು ಹಸಿರು ಮಾರ್ಗದ ಮೆಟ್ರೋ ಹಿಡಿಯಿರಿ, ಎಂಟನೇ ಸ್ಟೇಷನ್ ಮೆಜೆಸ್ಟಿಕ್. ಜಾಲಹಳ್ಳಿ ಕ್ರಾಸಿನಲ್ಲಿ ಇಳಿಯುತ್ತೇನೆ ಅಂದುಕೊಂಡವರು ಹತ್ತುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ. ನಾನ್-ಸ್ಟಾಪ್ ಬಸ್ಸು ಫ್ಲೈಓವರ್ ಹತ್ತಿತೆಂದರೆ ಜಾಲಹಳ್ಳಿ ಕ್ರಾಸ್ ಕೆಳಗೇ ಉಳಿಯುತ್ತದೆ. ರೈಲಿನಲ್ಲಿ ಬರುವವರಿಗೆ ಯಶವಂತಪುರ, ಮೆಜೆಸ್ಟಿಕ್ ಎರಡೂ ಕಡೆ ಮೆಟ್ರೋ ಪಕ್ಕದಲ್ಲೇ ಇದೆ. ಕಾರಿದ್ದರೆ ನಾಗಸಂದ್ರ ಮೆಟ್ರೋ ಪಾರ್ಕಿಂಗ್‌ನಲ್ಲಿ ಬಿಡುವುದು ಜಾಣತನ. ಸೌಧದ ಮುಂದಿನ ಅಂಬೇಡ್ಕರ್ ವೀಧಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ, ಭಾನುವಾರ ಕಬ್ಬನ್ ಪಾರ್ಕಿನೊಳಗೂ ವಾಹನ ಬಿಡುವುದಿಲ್ಲ.

ಟೋಕನ್ ಕೊಳ್ಳುವಾಗ ಹಲವರು ತಪ್ಪುತ್ತಾರೆ. ಮೆಜೆಸ್ಟಿಕ್‌ವರೆಗೆ ಮಾತ್ರ ತೆಗೆದುಕೊಂಡು, ಅಲ್ಲಿ ಹೊರಗೆ ಬಂದು, ಮತ್ತೆ ಕ್ಯೂ ನಿಲ್ಲುತ್ತಾರೆ. ನೇರವಾಗಿ ವಿಧಾನಸೌಧ ಸ್ಟೇಷನ್ನಿಗೇ ಕೇಳಿ. ಮೆಜೆಸ್ಟಿಕ್‌ನಲ್ಲಿ ಗೇಟು ದಾಟದೆ ಒಳಗಿಂದೊಳಗೇ ನೇರಳೆ ಮಾರ್ಗಕ್ಕೆ ಬದಲಾಯಿಸಿ, ವೈಟ್‌ಫೀಲ್ಡ್ ಅಂತ ಬೋರ್ಡಿರುವ ಕಡೆ ನಿಂತರೆ ಎರಡನೇ ಸ್ಟೇಷನ್ನೇ ನಿಮ್ಮದು. ಭಾನುವಾರ ಮೆಟ್ರೋ ಶುರುವಾಗುವುದೇ ಏಳು ಗಂಟೆಗೆ. ಹಾಗಾಗಿ ಕತ್ತಲಲ್ಲೇ ಹೊರಡುವ ಅಗತ್ಯವಿಲ್ಲ, ಸ್ವಂತ ಗಾಡಿಯಿದ್ದರೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಗಿಸಿಯೇ ಬನ್ನಿ. ರಜೆ ದಿನ ಸೌಧದ ಅಕ್ಕಪಕ್ಕ ಹೊಟ್ಟೆಗೆ ಬೀಳುವಂಥದ್ದು ಹೆಚ್ಚೇನೂ ಸಿಗದು.

ಇನ್ನು ಬಿಸಿಲಿನ ಲೆಕ್ಕ. ವಿಧಾನಸೌಧದ ಮುಂಭಾಗ ಪೂರ್ವಕ್ಕೆ. ಬೆಳಿಗ್ಗೆ ಹತ್ತರವರೆಗೆ ಬೆಳಕು ನೇರ ಕಂಬಗಳ ಮೇಲೆ ಬೀಳುತ್ತದೆ, ಮಧ್ಯಾಹ್ನದ ಮೇಲೆ ಕಟ್ಟಡ ನೆರಳಾಗಿ ಹಿಂದಿನ ಆಕಾಶವಷ್ಟೇ ಬೆಳ್ಳಗೆ ಬರುತ್ತದೆ. ಎದುರಿನ ಕೆಂಪು ಅಠಾರಾ ಕಚೇರಿಯ, ಅಂದರೆ ಹೈಕೋರ್ಟ್ ಕಟ್ಟಡದ ಲೆಕ್ಕ ಪೂರ್ತಿ ಉಲ್ಟಾ, ಅದರ ಕೆಂಪು ಹೊಳೆಯುವುದು ಸಂಜೆಯ ಬಿಸಿಲಿಗೆ. ಅದಕ್ಕೇ ಬೆಳಿಗ್ಗೆ ಸೌಧ, ಸಂಜೆ ಕಚೇರಿ. ಸೌಧದ ಉದ್ದ 700 ಅಡಿ, ಎದುರಿನ ಫುಟ್‌ಪಾತಿನಿಂದ ಫೋನಿನ ಚೌಕಟ್ಟಿಗೆ ಅದು ಹಿಡಿಸದು. ಒಂದು ತುದಿಗೆ ಸರಿದು ಓರೆಯಾಗಿ ತೆಗೆಯಿರಿ. ಗುಮ್ಮಟ ಸಿಗಲಿ ಅಂತ ಫೋನನ್ನು ಮೇಲಕ್ಕೆ ವಾಲಿಸಿದರೆ ಕಂಬಗಳೆಲ್ಲ ಒಳಕ್ಕೆ ಬಾಗಿದಂತೆ ಬರುತ್ತವೆ, ನೆಟ್ಟಗೆ ಹಿಡಿದು ಹಿಂದಕ್ಕೆ ಹೋಗುವುದೇ ಸರಿ.

1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದ್ದು ಈಗ ಕಾಣುವ ಈ ಕಟ್ಟಡಕ್ಕಲ್ಲ, ಇದಕ್ಕಿಂತ ಸರಳವಾದ ಒಂದು ನಕ್ಷೆಗೆ. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯ ಅದನ್ನು ಬದಲಿಸಿ, ನಮ್ಮ ದೇವಸ್ಥಾನಗಳ ಕಂಬ, ಬೋದಿಗೆ (ಕಂಬದ ತಲೆಭಾಗ), ಗೋಪುರಗಳ ಛಾಯೆ ತಂದರು. ಎಂಜಿನಿಯರ್ ಬಿ.ಆರ್. ಮಾಣಿಕ್ಯಂ. 1956ರಲ್ಲಿ ಮುಗಿದಾಗ ಆಗಿದ್ದ ಖರ್ಚು ಸುಮಾರು 1.84 ಕೋಟಿ. ಮುಂದಿನ ಮೆಟ್ಟಿಲು 45, ಅಗಲ 200 ಅಡಿಗೂ ಮೇಲೆ. ಹತ್ತಿದರೆ 40 ಅಡಿ ಎತ್ತರದ 12 ಕಂಬ, ಕಟ್ಟಡದ ನಡುವೆ ಮೇಲೆ 60 ಅಡಿ ಅಡ್ಡಳತೆಯ ಗುಮ್ಮಟ, ತುದಿಯಲ್ಲಿ ನಾಲ್ಕು ಸಿಂಹ. 'ಸರ್ಕಾರದ ಕೆಲಸ ದೇವರ ಕೆಲಸ' ಅನ್ನುವ ಬರಹವನ್ನು ಎಲ್ಲರೂ ಓದುತ್ತಾರೆ, ಕಲ್ಲನ್ನು ಯಾರೂ ನೋಡುವುದಿಲ್ಲ. ಬಹುಪಾಲು ಬೂದು ಗ್ರಾನೈಟು. ಅಲಂಕಾರಕ್ಕೆ ಮಾತ್ರ ಮಾಗಡಿಯ ನಸುಗೆಂಪು ಕಲ್ಲನ್ನೂ ನಮ್ಮ ತುರುವೇಕೆರೆಯ ಕಪ್ಪು ಕಲ್ಲನ್ನೂ ಬಳಸಿದ್ದಾರೆ. ಒಳಗೆ ಹೋದಾಗ ಬೂದು ಕಲ್ಲಿನ ನಡುವೆ ಎಣ್ಣೆ ಹಚ್ಚಿದ ಹಾಗೆ ಮಿರುಗುವ ಕಪ್ಪು ಕಂಡರೆ ಅಲ್ಲಿ ನಿಲ್ಲಿ, ಅದು ಜಿಲ್ಲೆಯ ಕೊಡುಗೆ. ಸಂಪುಟ ಸಭೆಯ ಕೊಠಡಿಯ ಶ್ರೀಗಂಧದ ಬಾಗಿಲ ಬಗ್ಗೆ ಗೈಡನ್ನು ಕೇಳಿ.

ದಕ್ಷಿಣಕ್ಕೆ ವಿಕಾಸಸೌಧ. 2005ರಲ್ಲಿ ಉದ್ಘಾಟನೆಯಾಯಿತು, ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗಿದೆ. ಎರಡರ ನಡುವೆ ಗಾಂಧೀಜಿಯ ಪ್ರತಿಮೆ. ಅದೇ ಅಂಬೇಡ್ಕರ್ ವೀಧಿಯಲ್ಲಿ ಎಂ.ಎಸ್. ಬಿಲ್ಡಿಂಗು (ಸರ್ಕಾರಿ ಕಚೇರಿಗಳ ಬಹುಮಹಡಿ ಕಟ್ಟಡ), ವಿಶ್ವೇಶ್ವರಯ್ಯ ಟವರು. ಇವು ಕಾಂಕ್ರೀಟಿನ ಕೆಲಸದ ಎತ್ತುಗಳು, ಚೆಂದಕ್ಕೆ ಹುಟ್ಟಿದವಲ್ಲ. ರಸ್ತೆಯಿಂದಲೇ ಕತ್ತೆತ್ತಿ ನೋಡಿ ಮುಂದೆ ನಡೆಯಿರಿ.

ಮಧ್ಯಾಹ್ನದ ಬಿಸಿಲಿಗೆ ಕಬ್ಬನ್ ಪಾರ್ಕೇ ಗತಿ. ನೂರು ವರ್ಷ ದಾಟಿದ ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡ, ಅದರೆದುರು ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಪ್ರತಿಮೆ ನೋಡಿಕೊಂಡು ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಮತ್ತೆ ಮೆಟ್ರೋ ಹತ್ತಿ. ಒಂದೇ ಸ್ಟೇಷನ್, ಆದರೆ ರೈಲು ಸುರಂಗದಿಂದ ಮೇಲೆದ್ದ ಮೇಲೆ ಬಲಗಡೆಯ ಕಿಟಕಿ ಬಿಡಬೇಡಿ. ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗ್ ಆ ಕಡೆಗೇ ಇದೆ. 1973ರದ್ದು, 25 ಅಂತಸ್ತು, 106 ಮೀಟರ್. ಬೆಂಗಳೂರಲ್ಲಿ ಎತ್ತರ ಅಂದರೆ ಬಹಳ ವರ್ಷ ಇದೇ ಆಗಿತ್ತು. ಬುಡದಲ್ಲಿ ನಿಂತರೆ ಎತ್ತರ ತಿಳಿಯದು, ರಸ್ತೆ ದಾಟಿ ಪೆರೇಡ್ ಮೈದಾನದ ಕಡೆಯಿಂದ ನೋಡಿ. ಊಟಕ್ಕೂ ಇದೇ ಜಾಗ, ಹಿಂದಿನ ಚರ್ಚ್ ಸ್ಟ್ರೀಟಿನಲ್ಲಿ ಬೇಕಾದ್ದು ಸಿಗುತ್ತದೆ.

ನಾಲ್ಕೂವರೆಗೆಲ್ಲ ವಿಧಾನಸೌಧ ಸ್ಟೇಷನ್ನಿಗೆ ವಾಪಸು ಬನ್ನಿ. ಅಠಾರಾ ಕಚೇರಿ 1868ರಲ್ಲಿ ಮುಗಿದದ್ದು. ಹದಿನೆಂಟು ಇಲಾಖೆಗಳಿದ್ದವು, ಅದಕ್ಕೇ ಆ ಹೆಸರು. ಈಗ ಹೈಕೋರ್ಟ್, ರಜೆ ದಿನ ಹೊರಗಿನಿಂದಷ್ಟೇ. 1980ರ ದಶಕದಲ್ಲಿ ಇದನ್ನು ಕೆಡವುವ ಮಾತು ಎದ್ದಿತ್ತು. ಜನ ಕೋರ್ಟಿಗೆ ಹೋದರು, ಕಟ್ಟಡ ಉಳಿಯಿತು. ಪಹರೆಯವರು ಗೇಟಿನ ಹತ್ತಿರ ಕ್ಯಾಮೆರಾ ಬೇಡವೆಂದರೆ ವಾದಕ್ಕೆ ನಿಲ್ಲಬೇಡಿ, ಹತ್ತು ಹೆಜ್ಜೆ ಸರಿದರೆ ಆಯಿತು. ಡ್ರೋನ್ ಅಂತೂ ಚೀಲದಿಂದ ತೆಗೆಯಲೇಬೇಡಿ.

ಭಾನುವಾರ ಕತ್ತಲಾದ ಮೇಲೆ ಸೌಧಕ್ಕೆ ದೀಪ ಹಾಕುತ್ತಾರೆ. ಆಕಾಶ ಪೂರ್ತಿ ಕಪ್ಪಾಗುವ ಮುಂಚೆ, ಇನ್ನೂ ನೀಲಿ ಉಳಿದಿರುವ ಹದಿನೈದು ಇಪ್ಪತ್ತು ನಿಮಿಷದಲ್ಲಿ ತೆಗೆದ ಫೋಟೊ ಚೆನ್ನಾಗಿ ಬರುತ್ತದೆ. ವಾಪಸು ಬರುವಾಗ ಮಾತ್ರ ಬೆಳಗಿನ ಲೆಕ್ಕ ಬದಲಿಸಿ. ಗೊರಗುಂಟೆಪಾಳ್ಯದಲ್ಲಿ ಬಸ್ಸಿಗೆ ಕಾದರೆ ನಿಂತೇ ಬರಬೇಕಾದೀತು, ಮೆಜೆಸ್ಟಿಕ್‌ನಲ್ಲೇ ಹತ್ತಿದರೆ ಸೀಟು ಸಿಗುತ್ತದೆ. ಭಾನುವಾರ ರಾತ್ರಿಯ ವಾಹನದ ಸಾಲೆಲ್ಲ ಊರಿನಿಂದ ಬೆಂಗಳೂರಿಗೆ ಬರುವ ಕಡೆಯದು, ನೆಲಮಂಗಲದಿಂದಾಚೆ ನಿಮ್ಮ ಕಡೆಯ ರಸ್ತೆ ಖಾಲಿ.