ಎಸ್ಟೇಟ್ ಕೆರೆ ಮಳೆಗಾಲದಲ್ಲಿ ತುಂಬಿರಲೇಬೇಕು ಅಂತ ಯಾರು ಹೇಳಿದ್ದು?

ಕೊಡಗು, ಸಕಲೇಶಪುರ ಕಡೆಯ ಕಾಫಿ ತೋಟಗಳಲ್ಲಿ ಖಾಸಗಿ ಕೆರೆಗಳ ಏರಿ ನೋಡಿ ಸಲಹೆ ಕೊಡುವುದು ನನ್ನ ಕೆಲಸದ ಒಂದು ಭಾಗ. ಏರಿಯನ್ನು ಇನ್ನೂ ಎರಡು ಅಡಿ ಎತ್ತರಿಸಬಹುದಾ ಅಂತ ಕೇಳಲು ಕರೆಸುವವರೇ ಜಾಸ್ತಿ. ಅಳತೆ ಟೇಪು ತೆಗೆಯುವ ಮುಂಚೆ ನಾನು ಕೇಳುವುದು ಒಂದೇ: ಈ ನೀರು ನಿಮಗೆ ಯಾವ ತಿಂಗಳಲ್ಲಿ ಬೇಕು?

ಉತ್ತರ ಎಲ್ಲರಿಗೂ ಗೊತ್ತು. ಫೆಬ್ರವರಿ ಕೊನೆ, ಮಾರ್ಚ್. ರೊಬಸ್ಟಾ ಕಾಫಿಯ ಮೊಗ್ಗು ಅರಳಲು ಹೂಮಳೆ ಬೇಕು, ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಇಡಬೇಕು, ಆಮೇಲೆ ಎರಡು ಮೂರು ವಾರಕ್ಕೆ ಮತ್ತೊಂದು ಸುತ್ತು ಬ್ಯಾಕಿಂಗ್, ಅಂದರೆ ಅರಳಿದ ಹೂ ಕಾಯಿ ಕಟ್ಟಲು ಕೊಡುವ ನೀರು. ಎಕರೆಗೆ ಒಂದೂವರೆ ಇಂಚು ನೀರು ಅಂದರೆ ಒಂದೂವರೆ ಲಕ್ಷ ಲೀಟರ್‌ಗಿಂತ ಸ್ವಲ್ಪ ಜಾಸ್ತಿ. 50 ಎಕರೆಗೆ ಸುಮಾರು 77 ಲಕ್ಷ ಲೀಟರ್. ಒಂದೇ ಸುತ್ತಿಗೆ ಇಷ್ಟು. 7,700 ಟನ್ ಭಾರ ಅದು. ಹಿಡಿದುಕೊಂಡಿರುವುದು ಬರೀ ಮಣ್ಣು. ಕೆಳಗೆ ಗದ್ದೆ, ತೋಡು (ಸಣ್ಣ ಹಳ್ಳ), ಎಷ್ಟೋ ತೋಟಗಳಲ್ಲಿ ಕಾರ್ಮಿಕರ ಲೈನ್ ಮನೆ.

ಬೇಕಾಗಿರುವುದು ಫೆಬ್ರವರಿಗೆ ಅಂತಾದರೆ ಜುಲೈ, ಆಗಸ್ಟ್‌ನಲ್ಲಿ ಕೆರೆ ಕಂಠಮಟ್ಟ ತುಂಬಿಕೊಂಡು ಯಾಕೆ ಕೂರಬೇಕು? ಜೋರು ಮಳೆಯ ಆ ತಿಂಗಳುಗಳಲ್ಲಿ ನೀರನ್ನು ಅರ್ಧಕ್ಕೆ ಇಳಿಸಿಡಿ, ಸೆಪ್ಟೆಂಬರ್‌ನಲ್ಲಿ ತೂಬು (ಏರಿಯ ತಳದಲ್ಲಿ ನೀರು ಬಿಡುವ ಕಿಂಡಿ) ಮುಚ್ಚಿ, ಮಳೆ ಹಿಂದೆ ಸರಿದ ಮೇಲೂ ತೋಡು ಹರಿಯುತ್ತಲೇ ಇರುತ್ತದಲ್ವಾ, ಅದರಲ್ಲೇ ತುಂಬಿಸಿಕೊಳ್ಳಿ ಅನ್ನುತ್ತೇನೆ. ಎಲ್ಲ ಕಡೆ ಇದು ನಡೆಯಲ್ಲ. ತೋಡು ಅಕ್ಟೋಬರ್‌ಗೇ ಬತ್ತುವ ಜಾಗದಲ್ಲಿ ಲೆಕ್ಕ ಬೇರೆ. ಆದರೆ ವರ್ಷವಿಡೀ ಜಿನುಗುವ ಒರತೆ ಇದ್ದವರೂ ಒಪ್ಪುವುದಿಲ್ಲ. ಜೂನ್‌ನಲ್ಲಿ ತುಂಬಿದ ಕೆರೆ ನೋಡಿದರೆ ಅವರಿಗೆ ಧೈರ್ಯ, ನನಗೆ ಭಯ.

ಒಪ್ಪಿದರೂ ಇಳಿಸುವುದು ಹೇಗೆ? ಅನೇಕ ಕೆರೆಗಳಿಗೆ ತೂಬೇ ಇಲ್ಲ. ಪಂಪ್ ಇದೆಯಲ್ಲ, ತೂಬು ಯಾಕೆ ಅಂತ ಬಿಟ್ಟಿರುತ್ತಾರೆ. ಮಳೆಗಾಲದಲ್ಲಿ ಕರೆಂಟ್ ಎಷ್ಟು ದಿನ ಇರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾ!

ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಅಣೆಕಟ್ಟಿನ ಕಥೆ ನಾನು ಇಲ್ಲೇ ತೆಗೆಯುವುದು. ಅದೂ ಮಣ್ಣಿನದೇ, ಖಾಸಗಿಯೇ. ಎತ್ತರ ಮಾತ್ರ 72 ಅಡಿ. ಸರ್ಕಾರ ಕಾಲುವೆಗೆ ನೀರು ಕೊಡಲು ಕಟ್ಟಿದ್ದು. ಕಾಲುವೆ ಬೇಡವಾದ ಮೇಲೆ ಕೈ ಬದಲಾಯಿಸಿತು, ನಡುವೆ ಮಾಲೀಕನಾಗಿದ್ದವನೊಬ್ಬ ತಳದ ತೂಬಿನ ಕಬ್ಬಿಣದ ಪೈಪುಗಳನ್ನು ಕಿತ್ತು ಗುಜರಿಗೆ ಮಾರಿದ. ಆಮೇಲೆ ಶ್ರೀಮಂತರ ಮೀನು ಹಿಡಿಯುವ ಕ್ಲಬ್ ಕೊಂಡುಕೊಂಡಿತು. ಗಾಡಿ ಓಡಾಡಲಿ ಅಂತ ಏರಿಯ ತಲೆ ತಗ್ಗಿಸಿದರು. ಮೀನು ತಪ್ಪಿಸಿಕೊಳ್ಳದಿರಲಿ ಅಂತ ಕೋಡಿಗೆ, ಅಂದರೆ ಹೆಚ್ಚಾದ ನೀರು ಹೊರಗೆ ಹೋಗುವ ದಾರಿಗೆ, ಜಾಲರಿ ಹಾಕಿದರು. 1889ರ ಮೇ 31ರಂದು ಏರಿ ಮೇಲೆ ನೀರು ಹತ್ತಿ ಒಡೆಯಿತು. ಕೆಳಗಿನ ಜಾನ್ಸ್‌ಟೌನ್ ಊರು ಕೊಚ್ಚಿಹೋಗಿ ಸತ್ತವರು 2,209 ಜನ. ನೀರು ಏರುತ್ತಿರುವುದು ಅಲ್ಲಿದ್ದವರಿಗೆ ಬೆಳಿಗ್ಗೆಯೇ ಕಂಡಿತ್ತು. ಇಳಿಸಲು ದಾರಿ ಇರಲಿಲ್ಲ.

ಗಾಡಿ ಓಡಾಡಲಿ ಅನ್ನುವುದು ನಮ್ಮಲ್ಲೂ ಇದೆ. ಒಂದು ತೋಟದಲ್ಲಿ ಕೋಡಿ ಮುಚ್ಚಿ, ಒಂದಡಿಯ ಎರಡು ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಇಟ್ಟು, ಮೇಲೆ ಜೀಪ್ ರಸ್ತೆ ಮಾಡಿದ್ದರು. ಆ ಕೆರೆಗೆ ನೀರು ಇಳಿದು ಬರುವ ಜಾಗ 25 ಎಕರೆ. ನೆಲ ನೆಂದು ಕೂತಿರುವಾಗ ಗಂಟೆಗೆ 3 ಇಂಚಿನಂತೆ ಸುರಿದರೆ ಸೆಕೆಂಡಿಗೆ ಸುಮಾರು 2,000 ಲೀಟರ್ ಬರುತ್ತದೆ. ಆ ಎರಡು ಪೈಪ್ ಸೇರಿ, ಒಂದು ಎಲೆಯೂ ಸಿಕ್ಕಿಕೊಳ್ಳದಿದ್ದರೆ, ಬಿಡುವುದು 270 ಲೀಟರ್ ಅಷ್ಟೇ. ಉಳಿದದ್ದು ಏರಿ ಹತ್ತುತ್ತದೆ. ಮಣ್ಣಿನ ಏರಿಯ ಮೇಲೆ ನೀರು ಹರಿಯಲು ಶುರುವಾದರೆ ಕೆಲಸ ಮುಗಿದ ಹಾಗೆ, ಹೊರ ಇಳಿಜಾರು ಕೊರೆದುಕೊಂಡು ಹೋಗುತ್ತದೆ. ಅಲ್ಲಿಗೆ ಬೇಕಿದ್ದದ್ದು 14 ಅಡಿ ಅಗಲದ, ಒಂದೂವರೆ ಅಡಿ ಆಳ ನೀರು ಹರಿಯುವ ತೆರೆದ ಕಲ್ಲುಕಟ್ಟಿನ ಕೋಡಿ, ಆ ನೀರಿನ ಮಟ್ಟದ ಮೇಲೂ ಏರಿ ಎರಡು ಮೂರು ಅಡಿ ಎತ್ತರ. ಜೀಪ್ ಕೋಡಿಯೊಳಗೇ ಇಳಿದು ಹತ್ತಲಿ, ಏನೂ ಆಗಲ್ಲ.

ಸೋರುವುದು ಇನ್ನೊಂದು ವಿಷಯ. ಮಣ್ಣಿನ ಏರಿ ಸ್ವಲ್ಪ ಜಿನುಗುವುದು ಸಹಜ, ಗಾಬರಿ ಬೇಡ. ಮಾರ್ಚ್‌ನ ಬಿಸಿಲಲ್ಲೂ ಏರಿಯ ಬುಡದಲ್ಲಿ ಒಂದು ಕಡೆ ಮಾತ್ರ ಕೆಸು, ಜರಿಗಿಡ ಹಸಿರಾಗಿ ನಿಂತಿದ್ದರೆ ಅಲ್ಲಿ ಬಗ್ಗಿ ನೋಡಿ. ನೀರನ್ನು ಗಾಜಿನ ಬಾಟಲಿಗೆ ಹಿಡಿದು ಒಂದು ರಾತ್ರಿ ಸುಮ್ನೆ ಇಡಿ. ತಿಳಿಯಾಗಿದ್ದರೆ ಜಾಗಕ್ಕೆ ಗೂಟ ಹೊಡೆದು ಗಮನವಿಡಿ. ತಳದಲ್ಲಿ ಮಣ್ಣು ಕೂತರೆ ನೀರಿನ ಜೊತೆ ಏರಿಯೂ ಹೊರಗೆ ಬರುತ್ತಿದೆ ಅಂತ, ಅವತ್ತೇ ನೀರು ಇಳಿಸಲು ಶುರು ಮಾಡಿ. ಏಡಿ ಬಿಲ, ಮುಳ್ಳುಹಂದಿ ತೋಡಿದ ಗುಹೆ, ಏರಿಯಲ್ಲಿ ಅಡ್ಡ ಹೂತ ಪಿವಿಸಿ ಪೈಪಿನ ಸುತ್ತ, ಇವೇ ನೀರಿನ ಕಳ್ಳದಾರಿಗಳು. ಸುಮ್ನೆ ಬಿಡಲಾರದೆ ಏರಿಯ ಮೇಲೆ ಸಿಲ್ವರ್ ಓಕ್ ನೆಟ್ಟು ಮೆಣಸು ಹಬ್ಬಿಸಿರುತ್ತಾರಲ್ಲ, ಆ ಮರ ಸತ್ತರೆ ಬೇರು ಕೊಳೆತು ಅದೂ ಒಂದು ಪೈಪೇ.

ಸರ್ಕಾರ ಬಂದು ನೋಡಲ್ವಾ ಅಂತ ಕೇಳುತ್ತಾರೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಲೆಕ್ಕಕ್ಕೆ ತೆಗೆದುಕೊಳ್ಳುವುದು 15 ಮೀಟರ್‌ಗಿಂತ ಎತ್ತರದವನ್ನು, ಕೆಲವು ಷರತ್ತುಗಳಿದ್ದರೆ 10ರಿಂದ 15 ಮೀಟರ್‌ನವನ್ನು. ತೋಟದ ಕೆರೆ 6 ಮೀಟರ್ ಇದ್ದರೆ ಆ ಕಾಯ್ದೆಯ ಲೆಕ್ಕಕ್ಕೇ ಬರುವುದಿಲ್ಲ.

ತೂಬಿಲ್ಲದ ಹಳೇ ಏರಿಯನ್ನು ಕಡಿದು ಈಗ ತೂಬು ಕೂರಿಸಿ ಅಂತ ನಾನು ಹೇಳುವುದು ಅಪರೂಪ. ಕಡಿದ ಜಾಗಕ್ಕೆ ಅರ್ಧ ಅಡಿಯ ಪದರದಲ್ಲಿ ಜೇಡಿಮಣ್ಣು ಹಾಕಿ, ಹದಕ್ಕೆ ನೆನೆಸಿ ದಮ್ಮಸ್ಸು ಮಾಡುವ ತಾಳ್ಮೆ ಯಾರಿಗೂ ಇಲ್ಲ, ಜೆಸಿಬಿ ಬಕೆಟ್‌ನಲ್ಲಿ ನಾಲ್ಕು ಸಲ ತಟ್ಟಿ ಹೋಗುತ್ತಾರೆ. ಅದರ ಬದಲು ಏರಿಯ ಮೇಲಿಂದಲೇ ಆರು ಇಂಚಿನ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಹಾಯಿಸಿ ಸೈಫನ್ ಮಾಡಿಸುತ್ತೇನೆ, ಪೈಪ್ ಪೂರ್ತಿ ತುಂಬಿದ್ದರೆ ನೀರು ತಾನೇ ಏರಿ ದಾಟಿ ಕೆಳಗಿಳಿಯುತ್ತದೆ. ಎರಡೂ ತುದಿಗೆ ವಾಲ್ವ್, ನೆತ್ತಿಯಲ್ಲಿ ನೀರು ತುಂಬಲು ಒಂದು ಬಾಯಿ. ಒಮ್ಮೆ ಹಿಡಿದರೆ ಕರೆಂಟ್ ಬೇಡ, ಎತ್ತರ ಚೆನ್ನಾಗಿ ಸಿಕ್ಕಿದರೆ ದಿನಕ್ಕೆ 40 ಲಕ್ಷ ಲೀಟರ್‌ವರೆಗೂ ಎಳೆಯುತ್ತದೆ. ಮಾಮೂಲಿ ದಿನಗಳಲ್ಲಿ ಅಷ್ಟು ಎಳೆಯಬೇಡಿ, ದಿನಕ್ಕೆ ಒಂದಡಿ ಇಳಿದರೆ ಸಾಕು, ಅವಸರ ಮಾಡಿದರೆ ನೆಂದ ಒಳ ಇಳಿಜಾರು ಜಾರುತ್ತದೆ. ಪೈಪಿನ ಹೊರ ತುದಿಯನ್ನು ಏರಿಯ ಬುಡದಲ್ಲಿ ಬಿಡದೆ ತೋಡಿನವರೆಗೆ ಒಯ್ಯಿರಿ. ಒಳ ತುದಿಗೆ ಜಾಲರಿ ಕಟ್ಟುವ ಕೆಲಸ ಕೆರೆ ಬರಿದಾಗಿರುವ ಏಪ್ರಿಲ್‌ನಲ್ಲೇ ಆಗಬೇಕು, ಮೇ ಕೊನೆಗೆ ಫೋನ್ ಮಾಡಿದರೆ ನನ್ನ ಕೈಯಲ್ಲೂ ಆಗಲ್ಲ.