ತ್ಸುರುಯಿಯ ಚಳಿಗಾಲದಲ್ಲಿ ತಾಂಚೋ ಹಕ್ಕಿಗಳು

ಫೆಬ್ರವರಿಯಲ್ಲಿ ಜಪಾನಿನ ಹೊಕ್ಕೈಡೋಗೆ ಹೋಗುವವರು ಹೆಚ್ಚಾಗಿ ಸಪ್ಪೊರೋದ ಹಿಮೋತ್ಸವ ನೋಡಿ ವಾಪಸಾಗುತ್ತಾರೆ. ನಾವು ಅಲ್ಲಿಂದ ಪೂರ್ವಕ್ಕೆ ರೈಲು ಹಿಡಿದು ಕುಶಿರೋ ಊರಿಗೆ ಹೋದೆವು. ಅಲ್ಲಿಂದ ಬಾಡಿಗೆ ಕಾರಿನಲ್ಲಿ ತ್ಸುರುಯಿ ಹಳ್ಳಿ. ಕೆಂಪು ನೆತ್ತಿಯ ಕ್ರೌಂಚಗಳ ಊರು ಅದು. ಜಪಾನಿಯರು ಈ ಹಕ್ಕಿಯನ್ನು ತಾಂಚೋ ಅಂತಾರೆ.

ಸೂರ್ಯ ಹುಟ್ಟುವ ಮೊದಲೇ ಓತೊವಾ ಸೇತುವೆ ಮೇಲೆ ಕ್ಯಾಮೆರಾದವರು ಸಾಲಾಗಿ ನಿಂತಿದ್ದರು. ಚಳಿ ಮೈನಸ್ 20ರ ಆಸುಪಾಸು. ಕೆಳಗೆ ಸೆತ್ಸುರಿ ನದಿ ಮಾತ್ರ ಹರಿಯುತ್ತಲೇ ಇತ್ತು. ಬುಗ್ಗೆ ನೀರು ಸೇರುವುದರಿಂದ ಅದು ಹೆಪ್ಪುಗಟ್ಟುವುದಿಲ್ಲ. ನೀರಿನಿಂದ ಎದ್ದ ಹಬೆ ದಡದ ಕೊಂಬೆಗಳಿಗೆಲ್ಲ ಬಿಳಿ ಹರಳಾಗಿ ಅಂಟಿತ್ತು. ಆ ಹಬೆಯ ನಡುವೆ ಹಕ್ಕಿಗಳು ಒಂಟಿ ಕಾಲಲ್ಲಿ ನಿಂತು ನಿದ್ದೆ ಮಾಡುತ್ತಿದ್ದವು. ಹೊರಗಿನ ಗಾಳಿಗಿಂತ ನೀರೇ ಬೆಚ್ಚಗೆ, ನರಿಯೂ ಸುಲಭಕ್ಕೆ ಹತ್ತಿರ ಬರಲಾರದು.

ಬಿಸಿಲೇರಿದ ಮೇಲೆ ಅವು ಕಾಳು ಹಾಕುವ ಬಯಲಿಗೆ ಹಾರಿ ಬರುತ್ತವೆ. ಬೇಲಿಯ ಈಚೆ ನಿಂತರೆ ಚೆನ್ನಾಗಿ ಕಾಣುತ್ತವೆ. ನೆತ್ತಿಯ ಕೆಂಪು ಗರಿಯಲ್ಲ, ಬರೀ ಚರ್ಮ. ಬಾಲ ಕಪ್ಪು ಅಂದುಕೊಂಡಿದ್ದೆ. ರೆಕ್ಕೆ ಬಿಚ್ಚಿದಾಗ ನೋಡಿದರೆ ಕಪ್ಪಿರುವುದು ರೆಕ್ಕೆಯ ಹಿಂಬದಿಯಲ್ಲಿ, ಬಾಲ ಅಚ್ಚ ಬಿಳಿ! ಒಂದು ಜೋಡಿ ಕತ್ತು ಮೇಲೆತ್ತಿ ಕೂಗಿತು. ಗಂಡು ಒಂದು ಸಲ ಕೂಗಿದರೆ ಹೆಣ್ಣು ಎರಡು ಸಲ. ಪ್ರತಿ ಕೂಗಿಗೂ ಕೊಕ್ಕಿನಿಂದ ಉಸಿರಿನ ಹೊಗೆ. ಆಮೇಲೆ ಕುಣಿತ ಶುರುವಾಯಿತು. ಬಾಗಿದವು, ನೆಗೆದವು, ಒಂದು ಹಕ್ಕಿ ಒಣಹುಲ್ಲಿನ ಎಸಳು ಕಿತ್ತು ಮೇಲಕ್ಕೆ ಎಸೆಯಿತು. ಕಂದು ತಲೆಯ ಮರಿಗಳೂ ಪಕ್ಕದಲ್ಲೇ ನೆಗೆಯುತ್ತಿದ್ದವು.

ಬೇಟೆಯಿಂದ, ಜೌಗು ಬತ್ತಿಸಿದ್ದರಿಂದ ಈ ಹಕ್ಕಿ ಇಲ್ಲಿ ಅಳಿದೇ ಹೋಯಿತು ಅಂತ ಜನ ನಂಬಿದ್ದರು. 1924ರಲ್ಲಿ ಕುಶಿರೋ ಜೌಗಿನಲ್ಲಿ ಬೆರಳೆಣಿಕೆಯಷ್ಟು ಸಿಕ್ಕವು. 1950ರ ದಶಕದ ಶುರುವಿನ ಕಡುಚಳಿಯಲ್ಲಿ ಮೇವಿಲ್ಲದೆ ಒದ್ದಾಡುತ್ತಿದ್ದಾಗ ಇಲ್ಲಿನ ರೈತರು ಮೆಕ್ಕೆಜೋಳ ಚೆಲ್ಲಿದರು. ಹಕ್ಕಿಗಳು ನಂಬಿ ಬಂದವು. ಈಗ ಸಾವಿರದ ಐನೂರಕ್ಕೂ ಜಾಸ್ತಿ ಇವೆ. ಯಾವ ದೊಡ್ಡ ಯೋಜನೆಯೂ ಶುರುವಾಗುವ ಮುಂಚೆ ರೈತರು ಮಾಡಿದ ಕೆಲಸ ಇದು. ನನಗೆ ಅದಕ್ಕೇ ಹೆಚ್ಚು ಗೌರವ.

ಆದರೆ ಇಷ್ಟು ಹಕ್ಕಿಗಳು ಒಂದೇ ಕಡೆ ಸೇರಿದರೆ ರೋಗ ಹರಡುವ ಭಯ. ಕೆಲವು ದನದ ಕೊಟ್ಟಿಗೆಗೇ ನುಗ್ಗಿ ಮೇವಿನ ಜೋಳ ಹೆಕ್ಕುತ್ತವೆ. ಅವು ಬೇರೆ ಕಡೆಗೂ ಹರಡಲಿ ಅಂತ ಸರ್ಕಾರ ಕೆಲವು ವರ್ಷಗಳಿಂದ ಕಾಳು ಕಡಿಮೆ ಮಾಡುತ್ತಿದೆ. ಕಷ್ಟದ ನಿರ್ಧಾರ, ಅಲ್ವಾ? ಆದರೂ ಸರಿ ಅನ್ನಿಸುತ್ತೆ.

ಅಲ್ಲಿಂದ ಕಡಲ ದಡದ ರೌಸು ಊರಿಗೂ ಹೋಗಿ, ತೇಲುವ ಮಂಜುಗಡ್ಡೆಯ ಮೇಲೆ ಕೂತ ದೊಡ್ಡ ಹಳದಿ ಕೊಕ್ಕಿನ ಸ್ಟೆಲ್ಲರ್ ಕಡಲ ಹದ್ದುಗಳನ್ನು ದೋಣಿಯಿಂದ ನೋಡಿದೆವು. ಅದ್ಭುತವೇ. ಆದರೂ ನನ್ನ ಮನಸ್ಸು ತ್ಸುರುಯಿಯಲ್ಲೇ ಇತ್ತು.

ಹೋಗುವವರು ಕಾಳಿನ ಬಯಲಷ್ಟೇ ನೋಡಿ ಬರಬೇಡಿ. ಹಳ್ಳಿಯ ಸುತ್ತಲಿನ ಸಣ್ಣ ತೊರೆಗಳಿಗೂ ಒಂದು ದಿನ ಇಟ್ಟುಕೊಳ್ಳಿ. ಕಾರಿನಿಂದ ಇಳಿಯದೆ ಸುಮ್ನೆ ಕೂತರೆ, ಹೆಪ್ಪುಗಟ್ಟದ ನೀರಿನಲ್ಲಿ ತಾಂಚೋ ತನ್ನ ಮೀನು ತಾನೇ ಹಿಡಿಯುವುದು ಕಾಣಸಿಗಬಹುದು.