ಕವಲೇದುರ್ಗಕ್ಕೆ ಹೊರಟವರು ಇಳಿಯುವ ಲೆಕ್ಕ ಹಾಕಿ ಹೊರಡಿ

ತೀರ್ಥಹಳ್ಳಿ ಹತ್ತಿರದ ಬೆಟ್ಟದ ಕೋಟೆ ಕವಲೇದುರ್ಗಕ್ಕೆ ನಾನು ಹೋಗಿದ್ದು ಇದು ಮೂರನೇ ಸಲ. ಮೊದಲ ಸಲ ಜುಲೈನಲ್ಲಿ ಹೋಗಿ, ಮಂಜು ಬಿಟ್ಟು ಬೇರೇನೂ ಕಾಣದೆ ಒದ್ದೆಮುದ್ದೆಯಾಗಿ ವಾಪಸ್ಸು ಬಂದಿದ್ದೆ. ಎರಡನೇ ಸಲ ಮಾರ್ಚ್ ತಿಂಗಳ ಮಧ್ಯಾಹ್ನ. ತುದಿಯ ಬಂಡೆ ಕಾದ ಕಾವಲಿ ಆಗಿತ್ತು. ಈ ಸಲ ನವೆಂಬರ್ ಮೊದಲ ವಾರ, ಭಾವ ಮತ್ತು ಅವರ ಒಂಬತ್ತು ವರ್ಷದ ಮಗಳ ಜೊತೆ. ಯಾವಾಗ ಹೋಗಬೇಕು ಅಂತ ಕೇಳಿದರೆ ಇನ್ನು ನನ್ನ ಉತ್ತರ ಒಂದೇ: ಮಳೆ ನಿಂತ ಮೇಲೆ, ಗದ್ದೆ ಕೊಯ್ಲಿಗೆ ಮುಂಚೆ.

ಶಿವಮೊಗ್ಗ ಬಿಟ್ಟಿದ್ದು ಬೆಳಗ್ಗೆ ಆರಕ್ಕೆ. ತೀರ್ಥಹಳ್ಳಿ 60 ಕಿ.ಮೀ. ಚಿಲ್ಲರೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟುವಾಗ ತುಂಗೆ ಪಕ್ಕದಲ್ಲೇ ಬರುತ್ತಾಳೆ. ಸಕ್ರೆಬೈಲಿನಲ್ಲಿ ಆನೆ ನೋಡಲೇಬೇಕು ಅಂತ ಹುಡುಗಿ ಹಟ ಹಿಡಿದಳು, ನಾವು ನಿಲ್ಲಿಸಲಿಲ್ಲ. ಅಲ್ಲಿ ಇಳಿದರೆ ಬೆಟ್ಟದ ಬುಡ ಸೇರುವಾಗ ಬಿಸಿಲು ನೆತ್ತಿಗೆ ಬಂದಿರುತ್ತದೆ. ತಿಂಡಿ ತೀರ್ಥಹಳ್ಳಿಯಲ್ಲೇ ಮುಗಿಸಿ, ನೀರೂ ಅಲ್ಲೇ ತುಂಬಿಸಿಕೊಳ್ಳಿ. ತಲೆಗೆ ಎರಡು ಲೀಟರ್ ಇರಲಿ. ಅಲ್ಲಿಂದ ಮುಂದೆ 18 ಕಿ.ಮೀ. ಆಸುಪಾಸು. ಬಸ್ಸಿಗೆ ಬರುವವರು ಹತ್ತುವ ಮೊದಲೇ ವಾಪಸ್ಸು ಬರೋ ಬಸ್ಸು ಎಷ್ಟು ಹೊತ್ತಿಗೆ ಅಂತ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ. ಸ್ವಂತ ಗಾಡಿ ಇದ್ದರೆ ನೆಮ್ಮದಿ.

ಗಾಡಿ ನಿಲ್ಲಿಸಿದ ಕೂಡಲೇ ಬೆಟ್ಟ ಶುರುವಾಗುವುದಿಲ್ಲ, ಅದೇ ಈ ದಾರಿಯ ಸೊಗಸು. ಮೊದಲು ಗದ್ದೆ. ನಾವು ಹೋದಾಗ ತೆನೆ ಬಾಗಿ ಅಂಚಿನ ಮೇಲೆ ಒರಗಿತ್ತು. ನಡೆದರೆ ಪ್ಯಾಂಟಿನ ಮಂಡಿವರೆಗೆ ಇಬ್ಬನಿ. ಪಕ್ಕದಲ್ಲಿ ಅಡಿಕೆ ತೋಟ, ಆಚೆ ಕೆರೆ. ಅಂಚಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಿರಿ, ಫೋಟೋ ಆಸೆಗೆ ಗದ್ದೆಗೆ ಇಳಿಯಬೇಡಿ. ಅದು ಯಾರದ್ದೋ ವರ್ಷದ ಅನ್ನ.

ನೆರಳಿನ ಭಾಗದಲ್ಲಿ ಇನ್ನೂ ಉಂಬಳ, ಅಂದರೆ ಜಿಗಣೆ, ಇದ್ದವು. ಭಾವ ಹಳೇ ಪಂಚೆ ತುಂಡಿನಲ್ಲಿ ಉಪ್ಪು ಗಂಟು ಕಟ್ಟಿ, ಒದ್ದೆ ಮಾಡಿ, ಕೋಲಿನ ತುದಿಗೆ ಸಿಕ್ಕಿಸಿಕೊಂಡು ಬಂದಿದ್ದರು. ಕಚ್ಚಿದ ಕಡೆ ಮುಟ್ಟಿಸಿದರೆ ಸಾಕು, ಉದುರುತ್ತದೆ. ಅಂಗಡಿಯಿಂದ ನಾನು ತಂದಿದ್ದ ಸ್ಪ್ರೇ ಬ್ಯಾಗಿನಿಂದ ಹೊರಗೇ ಬರಲಿಲ್ಲ.

ಕಾಡಿನೊಳಗೆ ಕಲ್ಲು ಹಾಸಿದ ದಾರಿ. ಅದು ಕೆಳದಿ ನಾಯಕರ ಕೋಟೆಯ ದಾರಿ. ವೆಂಕಟಪ್ಪ ನಾಯಕರ ಕಾಲದಲ್ಲಿ ಈ ದುರ್ಗ ಗಟ್ಟಿಯಾಯಿತು. ಭುವನಗಿರಿ ಅನ್ನೋ ಹೆಸರೂ ಇದಕ್ಕಿತ್ತು. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಹಿಡಿದ ಮೇಲೆ ಕೆಳದಿಯ ಕಥೆ ಮುಗಿಯಿತು. ಹೆಬ್ಬಾಗಿಲು ಒಂದಾದ ಮೇಲೆ ಒಂದು ಬರುತ್ತವೆ, ಪ್ರತಿಯೊಂದರಲ್ಲೂ ಕಾವಲುಗಾರರು ಕೂರುತ್ತಿದ್ದ ಜಗಲಿ. ಅಲ್ಲೇ ಕೂತು ಸುಧಾರಿಸಿಕೊಳ್ಳಿ, ಗಾಳಿ ಚೆನ್ನಾಗಿ ಬರುತ್ತದೆ.

ಬಹಳ ಜನ ಶ್ರೀಕಂಠೇಶ್ವರ ದೇವಸ್ಥಾನಕ್ಕೆ ಕೈಮುಗಿದು ಸೀದಾ ತುದಿಗೆ ಓಡುತ್ತಾರೆ. ಅರಮನೆಯ ಅವಶೇಷಕ್ಕೆ ಅರ್ಧ ಗಂಟೆಯಾದರೂ ಕೊಡಿ. ಛಾವಣಿ ಇಲ್ಲ, ಗೋಡೆ ಮೊಣಕಾಲೆತ್ತರ, ಆದರೂ ಮನೆ ಎಲ್ಲಿ ಏನಿತ್ತು ಅಂತ ಗೊತ್ತಾಗುತ್ತದೆ. ಕಲ್ಲಿನ ಒಲೆ, ನೀರು ಹರಿದು ಹೋಗುವ ಕಾಲುವೆ, ಮೆಟ್ಟಿಲಿಳಿಸಿದ ಕೊಳ. ಹುಡುಗಿ ಒಲೆ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಮಾಮ, ಇಲ್ಲಿ ಕಡುಬು ಬೇಯ್ಸೋರಾ?" ಅಂದಳು. ಬೇಯಿಸದೆ ಇರ್ತಾರಾ, ಮಲೆನಾಡಲ್ಲವಾ!

ತುದಿಯ ಭಾಗ ಮಾತ್ರ ಬರೀ ಬಂಡೆ. ಮೇಲೆ ಒಂದು ಪುಟ್ಟ ಕಲ್ಲಿನ ಗುಡಿ. ಪಶ್ಚಿಮಕ್ಕೆ ತಿರುಗಿದರೆ ವಾರಾಹಿ ಹಿನ್ನೀರು, ಕಾಡಿನ ಮಧ್ಯೆ ಯಾರೋ ತಗಡು ಹಾಸಿದ ಹಾಗೆ. ಮೋಡವಿಲ್ಲದಿದ್ದರೆ ಕೊಡಚಾದ್ರಿಯ ಸಾಲು ಕಾಣುತ್ತದೆ, ದಕ್ಷಿಣದ ಕಡೆ ಕುಂದಾದ್ರಿ. ನಾವು ಹತ್ತೂವರೆಗೆ ಮೇಲಿದ್ದೆವು, ಅಕ್ಕಿರೊಟ್ಟಿ ಕೆಂಪು ಚಟ್ನಿ ಬಿಚ್ಚಿದೆವು. ಗಾಳಿಗೆ ಪ್ಲಾಸ್ಟಿಕ್ ಹಾರಿಹೋಗದ ಹಾಗೆ ಕಲ್ಲು ಹೇರಿಡಿ, ಇಳಿಯುವಾಗ ಜೊತೆಗೆ ತನ್ನಿ.

ನಾನು ಎಡವಟ್ಟು ಮಾಡಿಕೊಂಡಿದ್ದು ಇಳಿಯುವಾಗ. ಹತ್ತುವಾಗ ಬಂಡೆ ಒಣಗಿಯೇ ಇತ್ತು, ಆದರೆ ಒಂದು ಕಡೆ ನೀರು ಒಸರುತ್ತಿದ್ದ ಸೀಳು, ಅದರ ಮೇಲೆ ಕಪ್ಪಗೆ ಹಾವಸೆ. ಮೇಲಿಂದ ನೋಡಿದರೆ ಅದು ನೆರಳಿನ ಹಾಗೇ ಕಾಣುತ್ತದೆ. ನನ್ನ ಶೂ ವಾಕಿಂಗಿಗೆ ಅಂತ ತಗೊಂಡಿದ್ದು, ಅಟ್ಟೆಯ ಗೆರೆ ಹಿಮ್ಮಡಿ ಹತ್ತಿರ ಸವೆದು ನುಣ್ಣಗಾಗಿತ್ತು. ಕಾಲಿಟ್ಟೆ, ಕೂತೆ, ಕೂತ ಹಾಗೆಯೇ ಐದಾರು ಅಡಿ ಜಾರಿದೆ. ಅಂಗೈ ತರಚಿತು, ಪ್ಯಾಂಟು ಹರಿಯಿತು, ಮಾನ ಉಳಿದಿದ್ದು ಭಾವನ ಟವೆಲಿನಿಂದ. ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಆಡಿನ ಹಾಗೆ ಇಳಿದಳು. ಹಾಗಾಗಿ, ಹೊರಡುವ ಮುಂಚೆ ಶೂ ತಿರುಗಿಸಿ ಅಟ್ಟೆ ನೋಡಿ. ಇಳಿಯುವಾಗ ಪಾದ ಅಡ್ಡ ಇಡಿ, ಕಪ್ಪು ಕಂಡ ಕಡೆ ಕಾಲೇ ಇಡಬೇಡಿ. ಸಂಜೆ ಸೂರ್ಯಾಸ್ತ ನೋಡುವ ಆಸೆ ಇರುವವರು, ಆಮೇಲೆ ಇದೇ ಬಂಡೆಯನ್ನು ಕತ್ತಲಲ್ಲಿ ಇಳಿಯಬೇಕು ಅನ್ನೋದು ನೆನಪಿಟ್ಟುಕೊಳ್ಳಿ. ನಾನಂತೂ ಬೇಡ ಅಂತೀನಿ.

ಕೆಳಗೆ ಬರುವಾಗ ಒಂದು ಗಂಟೆ. ಗದ್ದೆ ಪಕ್ಕದ ಮನೆಯ ಅಮ್ಮ ಸೊಂಟಕ್ಕೆ ಸುತ್ತಿದ ಟವೆಲು ನೋಡಿ ಏನೂ ಕೇಳಲಿಲ್ಲ. "ಬನ್ನಿ, ಕೂತ್ಕಳಿ" ಅಂತ ಜಗಲಿಗೆ ಕರೆದು, ಕಂಚಿನ ಚೊಂಬಿನಲ್ಲಿ ಮಜ್ಜಿಗೆ ಕೊಟ್ಟು, ಅಂಗೈ ನೋಡಿ ಒಳಗಿಂದ ಅರಿಶಿನ ತಂದರು. "ಆ ಬಂಡೇಲಿ ಎಲ್ಲರೂ ಬೀಳ್ತಾರೆ" ಅಂದರು ಆಮೇಲೆ.